ಹೆಚ್ಚಾದ ಅಕ್ಕಿ

ಖರ್ಚು ಇಳಿಸಿ ಇದ್ದುದರಲ್ಲೇ ತೃಪ್ತಿ ಕಾಣಬೇಕೆಂಬ ಉತ್ಸಾಹ ಈಚೆಗೆ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಫ್ಲ್ಯಾಟುಗಳಲ್ಲಿ ಅಲ್ಲಲ್ಲಿ ಚಿಗುರಿದೆ. ಒಂದು ತಿಂಗಳು ಹೊಸ ಬಟ್ಟೆ ಇಲ್ಲ, ಹೋಟೆಲ್ ಊಟ ಇಲ್ಲ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಐಸ್‌ಕ್ರೀಮೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಇವತ್ತು ಯಾವುದಕ್ಕೆ ಕೃತಜ್ಞರು ಎಂದು ಮಕ್ಕಳಾದಿಯಾಗಿ ಎಲ್ಲರೂ ಹೇಳಬೇಕು. ಇದನ್ನು ಕಂಡು ನಗುವ ಮನಸ್ಸು ನನಗಿಲ್ಲ. ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ಸರದಿಯ ಮೇಲೆ ತರಕಾರಿ, ಮೊಸರು, ಹಾಲು, ಬೇಳೆ ಬಿಡುವುದು ಹಳೆಯ ರೂಢಿ. ಬಿಟ್ಟದ್ದು ಮರಳಿ ಎಲೆಗೆ ಬಂದಾಗ ಅದರ ರುಚಿಯೇ ಬೇರೆ. ಮೊಸರು ಬಿಟ್ಟ ತಿಂಗಳಲ್ಲಿ ಪಾಯಸ ತುಸು ಧಾರಾಳವಾಗುವುದೂ ಉಂಟು ಅನ್ನಿ. ವ್ರತಕ್ಕೂ ಅಡುಗೆಮನೆಗೂ ಮೊದಲಿನಿಂದ ಒಳಒಪ್ಪಂದವಿದೆ. ವೈಟ್‌ಫೀಲ್ಡಿನ ಮೂಲವೂ ಇಂಥದ್ದೇ ಒಂದು ಆಸೆ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಯುರೇಷ್ಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟದ್ದು ಆ ಜನ ಹೊಲ ಉತ್ತು, ತಮ್ಮ ಕಾಲ ಮೇಲೆ ತಾವು ನಿಂತು ಸರಳವಾಗಿ ಬಾಳಲಿ ಎಂದು. ಆ ನೆಲದ ಸುತ್ತ ಈಗ ಮಾಲ್‌ಗಳು ಎದ್ದಿವೆ.

ಕಡಿತಕ್ಕೆ ಕಾರಣವೂ ಇದೆ. ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ 2022-23ರಲ್ಲಿ ಜಿಡಿಪಿಯ ಶೇಕಡ 5ರ ಆಸುಪಾಸಿಗೆ ಕುಸಿಯಿತು. ಹಲವು ದಶಕಗಳಲ್ಲಿ ಅಷ್ಟು ಕೆಳಗೆ ಹೋದದ್ದಿಲ್ಲ. ಸಾಲ ಏರಿದ್ದು ಅದಕ್ಕೊಂದು ದೊಡ್ಡ ಕಾರಣ. ಬಡ್ಡಿಯೇ ಇಲ್ಲದ ಕಂತು ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಹಬ್ಬದ ಜಾಹೀರಾತುಗಳಿಗೆ ಆ ಪತ್ರ ಇನ್ನೂ ತಲುಪಿದಂತಿಲ್ಲ. ಆದ್ದರಿಂದ ಖರ್ಚು ಇಳಿಸಬೇಕೇ ಎಂಬ ವಿಷಯದಲ್ಲಿ ನನಗೆ ತಕರಾರಿಲ್ಲ. ಇಳಿಸಿದ ಹಣ ಯಾರ ತಟ್ಟೆಯಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು, ಇವೆರಡನ್ನು ಕೇಳದೆ ಅದಕ್ಕೆ ತೃಪ್ತಿ ಎಂದು ಹೆಸರಿಡುವುದಕ್ಕೆ ಮಾತ್ರ ನನ್ನ ಆಕ್ಷೇಪ. ಕಡಿತದ ಪಟ್ಟಿ ಬರೆಯಲು ಕೂತ ಮನೆಯಲ್ಲಿ ಪೆನ್ನು ಮೊದಲು ಓಡುವುದು ಎಲ್ಲಿಗೆ? ಕಾರಿನ ಕಂತನ್ನು ಮುಟ್ಟುವಂತಿಲ್ಲ, ಶಾಲೆಯ ಫೀಸನ್ನು ಮುಟ್ಟುವಂತಿಲ್ಲ, ಓಟಿಟಿಗೆ ವರ್ಷದ ಚಂದಾ ಕಟ್ಟಿಯಾಗಿದೆ. ಉಳಿದವರು ಅಡುಗೆಯವರು, ಪಾತ್ರೆ ತೊಳೆಯುವವರು, ಗೇಟಿನಾಚೆ ಹೊಂಗೆಮರದ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡ ಇಸ್ತ್ರಿಯವರು. ಆ ಗಾಡಿಯನ್ನು ಒಮ್ಮೆ ಹತ್ತಿರದಿಂದ ನೋಡಿ: ಹಳೆಯ ಕಂಬಳಿ, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಲೆಯ ಬಿಳಿ ಬಟ್ಟೆ, ಕೆಂಡದ ಪೆಟ್ಟಿಗೆ, ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಹಾಕಿದ ಬಾಟಲಿ, ಫ್ಲ್ಯಾಟ್ ನಂಬರು ಬರೆದ ಚೀಟಿ ಸಿಕ್ಕಿಸಿದ ಗಂಟುಗಳು. ತೃಪ್ತಿಯ ಮಾಸದಲ್ಲಿ ಕಡಿಮೆಯಾಗುವುದು ಅಲ್ಲಿನ ಗಂಟುಗಳು. ಫ್ಲ್ಯಾಟಿನವರು ಸರಳ ಬದುಕಿನ ಸುಖ ಅನುಭವಿಸಿದರು, ಅದರ ಬಿಲ್ಲು ಹೊಂಗೆಮರದ ಕೆಳಗೆ ಹೋಯಿತು.

ಈ ವಿಷಯದಲ್ಲಿ ಕನ್ನಡಕ್ಕೆ ಎಂಟುನೂರು ವರ್ಷಕ್ಕೂ ಹಿಂದೆಯೇ ಒಂದು ಅಳತೆಗೋಲು ಸಿಕ್ಕಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಗಂಡ ಮಾಮೂಲಿಗಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟೇಕೆ ತಂದೆ, ಇದು ನಮ್ಮದಲ್ಲ, ಹೋಗಿ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳಂತೆ. ಈ ಕತೆಯನ್ನು ಮಿತವ್ಯಯದ ಪಾಠವಾಗಿ ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಉಳಿತಾಯವೇ ಗುರಿಯಾಗಿದ್ದರೆ ಹೆಚ್ಚಿನ ಅಕ್ಕಿ ನಾಳೆಗೆ ಗಡಿಗೆಯಲ್ಲಿರುತ್ತಿತ್ತು. ದಾನವೇ ಗುರಿಯಾಗಿದ್ದರೆ ಇನ್ನೂ ನಾಲ್ಕು ಜನಕ್ಕೆ ಎಲೆ ಹಾಕಬಹುದಿತ್ತು. ಲಕ್ಕಮ್ಮ ಎರಡನ್ನೂ ಒಲ್ಲೆನೆಂದಳು. ಅವಳು ಕೇಳಿದ್ದು ಅಕ್ಕಿ ಎಲ್ಲಿಂದ ಬಂತು ಎಂದು. ಇನ್ನೊಂದನ್ನು ಗಮನಿಸಬೇಕು: ತಾಕೀತು ಮಾಡಿದ್ದು ತನ್ನ ಗಂಡನಿಗೆ, ತನ್ನ ಮನೆಯ ಬಾಗಿಲಲ್ಲಿ. ಪಕ್ಕದ ಮನೆಯವರು ಎಷ್ಟು ತಂದರು ಎಂದು ಇಣುಕಲಿಲ್ಲ.

ಈ ಕೊನೆಯ ಮಾತು ಕಾರ್ಖಾನೆಗಳಿರುವ ಪೀಣ್ಯದ ಕಡೆ ಹೋದಾಗ ಹೆಚ್ಚು ಮುಖ್ಯವಾಗುತ್ತದೆ. ತೃಪ್ತಿ ಎಂಬುದು ಹೊಟ್ಟೆ ತುಂಬಿದವರ ಷೋಕಿ, ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವವರಿಗೆ ಕಡಿಯಲು ಏನಿದೆ ಎಂದು ಕೇಳುವವರ ಪ್ರಶ್ನೆ ಸರಿಯಾಗಿದೆ. ಅಲ್ಲಿ ಮಿತವ್ಯಯ ಯಾವ ತಿಂಗಳಿಗೂ ಸೀಮಿತವಲ್ಲ. 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ, ಪೀಣ್ಯ ಜಾಲಹಳ್ಳಿ ಕಡೆಯ ರಸ್ತೆಗಳಿಗೆ ಇಳಿದರು. ಎರಡನೆಯ ದಿನ, ಏಪ್ರಿಲ್ 19ರಂದು, ಸರ್ಕಾರ ನಿಯಮವನ್ನೇ ಹಿಂತೆಗೆದುಕೊಂಡಿತು. ತಿಂಗಳು ತಿಂಗಳು ಅವರ ದುಡಿಮೆಯ ಲೆಕ್ಕದಲ್ಲಿ ಕೂಡಿಟ್ಟ ಹಣ ಅದು. ಮಗಳ ಮದುವೆಗೆ, ಮಗನ ಫೀಸಿಗೆ, ಕೈಸಾಲ ತೀರಿಸುವುದಕ್ಕೆ ಬೇಕಾದದ್ದು. ಅವರಿಗೆ ಇದ್ದುದರಲ್ಲಿ ತೃಪ್ತಿಪಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ. ಹಾಗೆಂದು ತೃಪ್ತಿಯೇ ಸುಳ್ಳು ಎಂದೇನಲ್ಲ. ತನಗೆ ತಾನು ಹೇಳಿಕೊಂಡರೆ ಅದು ಗುಣ. ಮೇಲಿನವರು ಕೆಳಗಿನವರಿಗೆ ಹೇಳತೊಡಗಿದರೆ ಸಂಬಳ ಏರಿಸದಿರಲು ಒಂದು ನೆಪ.

ಲೆಕ್ಕ ಬಲ್ಲವರ ತಕರಾರು ಇನ್ನೊಂದು. ಎಲ್ಲರೂ ಕೊಳ್ಳುವುದನ್ನು ನಿಲ್ಲಿಸಿದರೆ ಪೀಣ್ಯದ ಲೇತ್ ಮಿಷನ್ನುಗಳು ತಿರುಗುವುದು ಹೇಗೆ? 2020ರ ಲಾಕ್‌ಡೌನ್‌ನಲ್ಲಿ ಖರ್ಚು ನಿಂತ ಊರು ಹೇಗಿರುತ್ತದೆಂದು ಕಂಡೆವಲ್ಲ? ಕಂಡೆವು, ನಿಜ. ಆದರೆ ಈ ವಾದ ಹಣ ಖರ್ಚಾಗದೆ ಕೂತಾಗ ಸಲ್ಲುತ್ತದೆ. ಕೈ ಬದಲಾಯಿಸಿದಾಗ ಅಲ್ಲ. ಆರನೆಯ ಜೊತೆ ಷೂಗೆ ಹೋಗಬೇಕಿದ್ದ ದುಡ್ಡು ಅಡುಗೆಯವರ ಸಂಬಳಕ್ಕೆ ಸೇರಿದರೆ, ಆ ವಾರವೇ ದಿನಸಿ ಅಂಗಡಿಗೆ, ಮಕ್ಕಳ ಚೀಲಕ್ಕೆ, ಗ್ಯಾಸ್ ಸಿಲಿಂಡರಿಗೆ ಹೋಗುತ್ತದೆ. ಕಡಿಮೆ ಆದಾಯದವರ ಕೈಗೆ ಬಂದ ರೂಪಾಯಿ ಬೇಗ ಓಡುತ್ತದೆ ಎಂಬುದು ಅರ್ಥಶಾಸ್ತ್ರದಲ್ಲಿ ಹಳೆಯ ಮಾತು. ಉಳಿದದ್ದನ್ನೆಲ್ಲ ಎಸ್‌ಐಪಿಗೆ ಸುರಿದು ಮುಂದಿನ ವರ್ಷ ಇನ್ನೂ ದೊಡ್ಡ ಕಾರು ತೆಗೆದುಕೊಳ್ಳುವುದಾದರೆ, ಅದು ಒಳ್ಳೆಯ ಯೋಜನೆ ಇರಬಹುದು. ಮುಂದೂಡಿದ ಆಸೆಗೆ ಕೃತಜ್ಞತೆಯ ಲೇಬಲ್ಲು ಬೇಡ.

ಮಹಾಮನೆಯ ಅಂಗಳ ಈಗೆಲ್ಲಿದೆ, ಹೆಚ್ಚಾದದ್ದನ್ನು ಎಲ್ಲಿಗೆ ಹಿಂದಿರುಗಿಸುವುದು ಎಂದರೆ ತೀರಾ ದೂರ ಹೋಗಬೇಕಿಲ್ಲ. ಮನೆಗೆಲಸಕ್ಕೂ ಕನಿಷ್ಠ ವೇತನ ಉಂಟು ಎಂದು ಕರ್ನಾಟಕ 2004ರಲ್ಲೇ ಗೊತ್ತುಮಾಡಿದೆ. ಕಡಿತದ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ಆ ಸಂಬಳ, ವಾರಕ್ಕೊಂದು ರಜೆ, ಹಬ್ಬಕ್ಕೊಂದು ತಿಂಗಳ ಬೋನಸ್ ಬರೆಯಬಹುದು. ನನ್ನ ಲೆಕ್ಕದಲ್ಲಿ ವ್ರತ ಶುರುವಾಗುವುದು ಆ ಕಾಲಂನಿಂದ. ರಜೆಯ ಭಾನುವಾರ ಸಿಂಕಿನಲ್ಲಿ ಕುಕ್ಕರು, ಬಾಣಲೆ, ಹಿಂದಿನ ರಾತ್ರಿಯ ತಟ್ಟೆಗಳು ರಾಶಿ ಬಿದ್ದಾಗ ಯಾರು ತೊಳೆಯಬೇಕು ಎಂಬ ಬಗ್ಗೆ ಗಂಡಹೆಂಡಿರ ನಡುವೆ ಮಾತು ಬೆಳೆಯುವುದು ಖಂಡಿತ, ಅದನ್ನು ಬರೆಯಲು ಮಾತ್ರ ಆ ಪಟ್ಟಿಯಲ್ಲಿ ಯಾವ ಕಾಲಮ್ಮೂ ಇಲ್ಲ.