ಮೂರು ಸ್ಪೀಕರ್, ಒಂದು ಸುಟ್ಟ ವಾಸನೆ

(1/4)

ಮೊದಲನೇ ಫೋಟೋದಲ್ಲಿ ಕಾಣ್ತಿರೋ ಕಪ್ಪಗಾದ ಬೋರ್ಡ್ ನಂದೇ. ಸುಟ್ಟಿದ್ದೂ ನಾನೇ. ಹೋದ ವಾರ ಸ್ಟೋರಿಯಲ್ಲಿ "ತಾತನ ಮನೆಗೆ ನಾನೇ ಅಲಾರಂ ಹಾಕ್ತಿದೀನಿ" ಅಂತ ಬಿಲ್ಡಪ್ ಕೊಟ್ಟಿದ್ನಲ್ಲ, ಆಮೇಲೆ ಏನಾಯ್ತು ಅಂತ ತುಂಬಾ ಜನ ಕೇಳಿದ್ರಿ. ಇದಾಯ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ತಾತ-ಅಜ್ಜಿ ಇರೋದು ತಿಪಟೂರಿನ ಹತ್ತಿರ, ತೋಟದ ಮನೆಯಲ್ಲಿ. ಪಕ್ಕದ ಮನೆ ಅಂದ್ರೆ ಎರಡು ತೋಟ ದಾಟಬೇಕು. ನಮ್ಮ ಕಡೆ ಕೊಬ್ಬರಿ ಮಾಡೋದು ಹೇಗೆ ಅಂದ್ರೆ, ತೆಂಗಿನಕಾಯಿಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಮುಟ್ಟೋ ಹಾಗಿಲ್ಲ. ನೀರೆಲ್ಲ ಇಂಗಿ, ಅಲ್ಲಾಡಿಸಿದ್ರೆ ಒಳಗೆ ಉಂಡೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಚೀಲಕ್ಕೆ ತುಂಬಿ, ರೇಟಿಗೆ ಕಾಯೋದು. ಅಟ್ಟದ ಮೇಲೆ ಇರೋವರೆಗೂ ಕಳ್ಳನಿಗೂ ಕಷ್ಟ. ಚೀಲಕ್ಕೆ ಬಂತು ಅಂದ್ರೆ ಎತ್ಕೊಂಡು ಹೋಗೋದಷ್ಟೇ. 2025ರಲ್ಲಿ ರೇಟು ಕ್ವಿಂಟಲ್‌ಗೆ 20 ಸಾವಿರ ದಾಟಿದ ಮೇಲಂತೂ ಕೇಳೋದೇ ಬೇಡ. ನನ್ನ ಫೀಸು, ಅಜ್ಜಿಯ ಮಾತ್ರೆ, ತೋಟದ ಗೊಬ್ಬರ, ಎಲ್ಲಾ ಅದೇ ಚೀಲದೊಳಗೆ ಇರೋದು.

ಪಕ್ಕದ ಊರಲ್ಲಿ ಒಂದು ಮನೆಯಿಂದ ರಾತ್ರೋರಾತ್ರಿ ಚೀಲ ಹೋದವು. ಅವತ್ತಿಂದ ತಾತ ಜಗಲಿ ಮೇಲೆ ಮಲಗೋಕೆ ಶುರು ಮಾಡಿದ್ರು. 74 ವರ್ಷ, ಕೆಮ್ಮು ಬೇರೆ. ತಲೆದೆಸೆಯಲ್ಲಿ ಟಾರ್ಚು, ಪಕ್ಕದಲ್ಲಿ ದೊಣ್ಣೆ. ಅದನ್ನ ನೋಡೋಕಾಗದೆ ಈ ಕೆಲಸಕ್ಕೆ ಕೈ ಹಾಕಿದ್ದು.

(2/4)

ಸಾಮಾನು ಇಷ್ಟೇ: ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್, ಒಂದು 12 ವೋಲ್ಟ್ ಅಲಾರಂ ಪ್ಯಾನೆಲ್, ಕರೆಂಟ್ ಹೋದ್ರೂ ನಡೀಲಿ ಅಂತ 12 ವೋಲ್ಟ್ 7 ಎಎಚ್ ಬ್ಯಾಟರಿ, ಸೈರನ್ ಡ್ರೈವರ್ ಬೋರ್ಡ್, ಒಂದು ಹಾರ್ನ್ ಸ್ಪೀಕರ್.

ಒಂದೇ ಹಾರ್ನ್ ಸಾಕಾಗಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು. ಮುಂದೆ ಕೂಗಿದ್ರೆ ಹಿಂದಿನ ಕೊಟ್ಟಿಗೆಯಲ್ಲಿ ಸರಿಯಾಗಿ ಕೇಳಲ್ಲ. ಒಳಗೆ ಅಜ್ಜಿಗೆ ಮೊದಲೇ ಕಿವಿ ಮಂದ. ಸರಿ, ಇನ್ನೆರಡು ತಂದೆ. ಮುಂದೆ ಒಂದು, ಕೊಟ್ಟಿಗೆಗೆ ಒಂದು, ನಡುಮನೆಗೆ ಒಂದು. ಮೂರರ ಕೆಂಪು ತಂತಿ ಒಟ್ಟಿಗೆ ತಿರುಚಿ, ಕಪ್ಪು ತಂತಿ ಒಟ್ಟಿಗೆ ತಿರುಚಿ, ಬೋರ್ಡಿಗೆ ಕೊಟ್ಟೆ. ಹತ್ತು ಸೆಕೆಂಡ್ ಕೂಗಿಸಿದೆ. ತಾತನ ಮುಖ ನೋಡ್ಬೇಕಿತ್ತು ನೀವು! "ಚೆನ್ನಾಗಿ ಕೂಗ್ತದೆ ಕಣವ್ವ" ಅಂದು ಹಸುಗಳಿಗೆ ಹುಲ್ಲು ಹಾಕೋಕೆ ಹೋದ್ರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನನಗೆ ರೀಲ್ ಬೇಕಿತ್ತು. ಫೋನ್ ಹಿಡಿದು ಪೂರ್ತಿ ಒಂದು ನಿಮಿಷ ಕೂಗಿಸಿದೆ. ಮಧ್ಯದಲ್ಲೇ ದನಿ ಸಣ್ಣಗಾಗಿ, ಗೊಗ್ಗರಾಗಿ, ನಿಂತೇ ಹೋಯ್ತು. ಆಮೇಲೆ ವಾಸನೆ.

ಅವತ್ತು ರಾತ್ರಿ ತಾತ ಎಷ್ಟೋ ದಿನಗಳ ಮೇಲೆ ಹಾಸಿಗೆ ಸುತ್ತಿಕೊಂಡು ಒಳಗೆ ಬಂದ್ರು. "ಇನ್ನು ನಿನ್ನ ಮಿಷನ್ನೇ ಕಾಯ್ಲಿ" ಅಂದ್ರು. ನಿಜ ಹೇಳ್ಬೇಕಿತ್ತು. ಹೇಳಲಿಲ್ಲ. ಬಾಯೇ ಬರಲಿಲ್ಲ ಗುರು. ಎಲ್ಲರೂ ಮಲಗಿದ ಮೇಲೆ ಚೀಲಕ್ಕೆ ಒರಗಿಕೊಂಡು ಕೂತೆ. ತೋಟದಲ್ಲಿ ಒಂದು ಒಣಗರಿ ಬಿದ್ರೂ ಎದೆ ಧಸಕ್ ಅನ್ನೋದು. ಕೂಗಬೇಕಾಗಿದ್ದ ಮೂರು ಸ್ಪೀಕರ್ ಗೋಡೆ ಮೇಲೆ ಸುಮ್ನೆ ಕೂತಿದ್ವು.

ಬೆಳಗ್ಗೆ ಕಾಫಿ ಕೊಡ್ತಾ ಹೇಳಿದೆ. ತಾತ ಲೋಟದಿಂದ ಮುಖ ಎತ್ತಲಿಲ್ಲ. "ಗೊತ್ತು ಕಣವ್ವ. ಎಷ್ಟ್ ಸಲ ಪಂಪಿನ ಮೋಟ್ರು ಸುಟ್ಟಿಲ್ಲ ನಮ್ದು, ಆ ವಾಸ್ನೆ ಗೊತ್ತಾಗಲ್ವಾ? ನಾನೂ ಮಲಗಿರ್ಲಿಲ್ಲ. ನೀನೇ ಹೇಳ್ತೀಯೇನೋ ಅಂತ ಸುಮ್ನಿದ್ದೆ."

(3/4)

ಅವರೇ ಮೊಪೆಡ್‌ನಲ್ಲಿ ಹಿಂದೆ ಕೂರಿಸಿಕೊಂಡು ಮೋಟಾರ್ ವೈಂಡಿಂಗ್ ಅಂಗಡಿಗೆ ಕರ್ಕೊಂಡು ಹೋದ್ರು. ಅಲ್ಲಿನ ಅಣ್ಣ ಬೋರ್ಡ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಓಮ್ ಹಾಕಿದ್ದೆ?"

ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸರಣಿ ಜೋಡಣೆ, ಸಮಾಂತರ ಜೋಡಣೆ ಅಂತ ಇತ್ತಲ್ಲ, ನಾವೆಲ್ಲ ಎರಡು ಅಂಕಕ್ಕೆ ಬಾಯಿಪಾಠ ಹೊಡೆದಿದ್ದು? ಅದೇ ಇದು. ಸ್ಪೀಕರ್ ಹಿಂದೆ 8 ಓಮ್, 20 ವ್ಯಾಟ್ ಅಂತ ಬರೆದಿತ್ತು. ಬೋರ್ಡ್ ಮೇಲೆ ಕಡಿಮೆ ಅಂದ್ರೆ 4 ಓಮ್ ಅಂತ ಬರೆದಿತ್ತು. ನಾನು ಎರಡನ್ನೂ ಓದಿದ್ದೆ, ಕೂಡಿಸಿ ನೋಡಿರಲಿಲ್ಲ.

ನಮ್ಮ ಬಿಕಾಂ ಭಾಷೆಯಲ್ಲಿ ಹೇಳ್ತೀನಿ. ಸಮಾಂತರ ಅಂದ್ರೆ ಒಂದೇ ಗಲ್ಲಾ ಪೆಟ್ಟಿಗೆಯಿಂದ ಹಣ ಕೊಡೋಕೆ ಮೂರು ಕೌಂಟರ್ ತೆಗೆದ ಹಾಗೆ. ಕೌಂಟರ್ ಹೆಚ್ಚಾದಷ್ಟೂ ತಡೆ ಕಡಿಮೆ, ಹೊರಗೆ ಹೋಗೋ ಹಣ ಜಾಸ್ತಿ. 8 ಓಮ್‌ನ ಮೂರು ಸ್ಪೀಕರ್ ಸಮಾಂತರವಾಗಿ ಹಾಕಿದ್ರೆ 24 ಆಗಲ್ಲ, 8 ಭಾಗಿಸು 3, ಅಂದ್ರೆ 2.67 ಓಮ್. 12 ವೋಲ್ಟ್‌ಗೆ ಸುಮಾರು 4.5 ಆಂಪ್ ಎಳೆಯುತ್ತೆ. 4 ಓಮ್ ಅಂದ್ರೆ ಬೋರ್ಡ್ ತಡೆಯೋದು 3 ಆಂಪ್. ಹತ್ತು ಸೆಕೆಂಡ್ ಹೇಗೋ ತಡೀತು, ಒಂದು ನಿಮಿಷಕ್ಕೆ ಗಲ್ಲಾನೇ ಹೊತ್ತಿಕೊಳ್ತು.

ಮೂರನ್ನೂ ಸರಣಿಯಲ್ಲಿ, ಒಂದರ ಹಿಂದೆ ಒಂದು ಹಾಕಿದ್ರೆ 24 ಓಮ್. ಬೋರ್ಡ್ ಸೇಫ್, ಆದ್ರೆ ದನಿ ಬಡವಾಗುತ್ತೆ.

ಅಣ್ಣ ಬಿಲ್ಲಿನ ಹಿಂದೆ ಬರೆದುಕೊಟ್ಟಿದ್ದು ಮಧ್ಯದ ದಾರಿ. ಮೂರನೇ ಫೋಟೋ ನೋಡಿ. ಎರಡು ಸ್ಪೀಕರ್ ಸರಣಿಯಲ್ಲಿ: 16 ಓಮ್. ಅದಕ್ಕೆ ಸಮಾಂತರವಾಗಿ ಮೂರನೆಯದು: 8 ಓಮ್. ಒಟ್ಟು 5.33 ಓಮ್, ಸುಮಾರು 2.25 ಆಂಪ್. ಬೋರ್ಡ್ ಆರಾಮ್.

ಆದ್ರೆ ಮೂರೂ ಒಂದೇ ಸಮ ಕೂಗಲ್ಲ, ಇದನ್ನ ಗಮನಿಸಿ. ಒಂಟಿಯಾಗಿರೋದಕ್ಕೆ ಪೂರ್ತಿ 12 ವೋಲ್ಟ್. ಜೋಡಿಯಲ್ಲಿರೋ ಎರಡಕ್ಕೂ ಅರ್ಧರ್ಧ ವೋಲ್ಟ್, ಅಂದ್ರೆ ಶಕ್ತಿ ಕಾಲು ಭಾಗ, ದನಿ 6 ಡೆಸಿಬಲ್ ಕಡಿಮೆ. ಹಾಗಾಗಿ ಯಾವುದು ಎಲ್ಲಿ ಅನ್ನೋದು ಮುಖ್ಯ.

(4/4)

ಇಲ್ಲಿವರೆಗೂ ನಾನು ಅಂದ್ಕೊಂಡಿದ್ದು ಸೈರನ್ ಕಳ್ಳನನ್ನ ಹೆದರಿಸೋಕೆ ಅಂತ. ಕಳ್ಳ ಹೆದರಬಹುದು, ಹೆದರದೇ ಇರಬಹುದು. ಆದ್ರೆ 74 ವರ್ಷದ ತಾತ ದೊಣ್ಣೆ ಹಿಡಿದು ಒಬ್ಬರೇ ಆಚೆ ಹೋಗಬಾರದು. ಬೇರೆ ಯಾರಾದ್ರೂ ಬರಬೇಕು ಅಂದ್ರೆ ಎರಡು ತೋಟದ ಆಚೆ ಇರೋ ದೊಡ್ಡಪ್ಪನ ಮನೆಗೆ ಕೇಳಬೇಕು. (ಸ್ವಂತ ದೊಡ್ಡಪ್ಪ ಅಲ್ಲ, ಊರ ವರಸೆಯಲ್ಲಿ.) ಅದಕ್ಕೆ ಒಂಟಿ ಹಾರ್ನ್‌ನ ಸೂರಿನ ಕೆಳಗೆ, ಮಳೆ ನೀರು ನಿಲ್ಲದ ಹಾಗೆ ಬಾಯಿ ಸ್ವಲ್ಪ ಕೆಳಕ್ಕೆ ಮಾಡಿ, ಅವರ ಮನೆ ದಿಕ್ಕಿಗೆ ತಿರುಗಿಸಿದೆ. ಜೋಡಿಯಲ್ಲಿ ಒಂದು ನಡುಮನೆಗೆ, ಇನ್ನೊಂದು ಕೊಟ್ಟಿಗೆಗೆ. ನಾಲ್ಕು ಗೋಡೆ ಒಳಗೆ ಕಾಲು ಭಾಗವೇ ಕಿವಿ ಹರಿಯುವಷ್ಟಿದೆ.

ಕೊಟ್ಟಿಗೆಗೆ 30 ಮೀಟರ್. ಮನೆಯಲ್ಲಿದ್ದ ಹಳೇ ಟೆಲಿಫೋನ್ ವೈರ್ ಎಳೆಯೋಣ ಅಂದ್ಕೊಂಡಿದ್ದೆ, ಅಣ್ಣ ಬೈದ್ರು. ತೆಳು ತಂತಿಯೇ ಅರ್ಧ ದನಿ ತಿನ್ನುತ್ತಂತೆ. 0.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲೂ ಹೋಗಿ ಬರೋ 60 ಮೀಟರ್‌ಗೆ ಸುಮಾರು 2 ಓಮ್ ತಡೆ ಇರುತ್ತೆ. 1 ಚದರ ಮಿಲಿಮೀಟರ್ ತಗೊಂಡೆ, ಅದಕ್ಕೆ ಅರ್ಧ.

ಈ ಜೋಡಣೆಯಲ್ಲಿ ಒಂದು ಹುಳುಕಿದೆ, ಮುಚ್ಚಿಡಲ್ಲ. ಕೊಟ್ಟಿಗೆಯ ತಂತಿ ಯಾರಾದ್ರೂ ಕತ್ತರಿಸಿದ್ರೆ ಸರಣಿಯಲ್ಲಿರೋ ನಡುಮನೆಯದೂ ಸತ್ತುಹೋಗುತ್ತೆ. ಮುಂದಿನದು ಮಾತ್ರ ಕೂಗ್ತಿರುತ್ತೆ. ನಡುಮನೆಗೆ ಬೇರೆ ಬೋರ್ಡ್ ಹಾಕೋದೇ ಸರಿ, ಸದ್ಯಕ್ಕೆ ದುಡ್ಡಿಲ್ಲ. ಸುಟ್ಟಿದ್ದರ ಖರ್ಚೇ ಇನ್ನೂ ತಾತನ ಲೆಕ್ಕದಲ್ಲಿದೆ.

ನೀವು ಮಾಡೋದಾದ್ರೆ ಬ್ಯಾಟರಿ ಬಿಚ್ಚಿಟ್ಟು ತಂತಿ ಮುಟ್ಟಿ. ಗೋಡೆಯ 230 ವೋಲ್ಟ್ ಕಡೆ ಕೈ ಹಾಕಬೇಡಿ, ನಾನೂ ಅದನ್ನ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದ್ದು. ಬೋರ್ಡಿಗೆ ಕೊಡೋ ಮೊದಲು ಮಲ್ಟಿಮೀಟರ್‌ನಲ್ಲಿ ಒಟ್ಟು ಓಮ್ ನೋಡಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಆರು-ಏಳು ತೋರಿಸಿದ್ರೆ ಗಾಬರಿ ಬೇಡ, ಅದು ಹಾಗೇ.

ಶನಿವಾರ ರಾತ್ರಿ ಒಂಬತ್ತೂವರೆಗೆ, ಯಾರಿಗೂ ಹೇಳದೆ, ತಾತನೇ ಬಾಗಿಲು ತೆಗೆದ್ರು. ಮೂರೂ ಕೂಗಿದ್ವು. ನಾನು ಬೋರ್ಡ್ ಮೇಲೆ ಬೆರಳಿಟ್ಟು ನಿಂತಿದ್ದೆ, ಬಿಸಿಯೇ ಇಲ್ಲ. ನಾಲ್ಕು ನಿಮಿಷಕ್ಕೆ ದೊಡ್ಡಪ್ಪ ಲುಂಗಿ ಎತ್ತಿಕಟ್ಟಿ, ಕೈಯಲ್ಲಿ ಮಚ್ಚು ಹಿಡ್ಕೊಂಡು, ಏದುಸಿರು ಬಿಡ್ತಾ ಬಂದ್ರು. ಹಿಂದೆ ಅವರ ನಾಯಿ. ಟೆಸ್ಟ್ ಅಂತ ಗೊತ್ತಾದ ಮೇಲೆ ಅವರು ಬೈದಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ತಾತ ಮಾತ್ರ ನಗ್ತಾ, ಜಗಲಿ ಮೇಲಿದ್ದ ದೊಣ್ಣೆ ಎತ್ತಿ ಒಳಗಿಟ್ರು.

ಅಜ್ಜಿ ಕಣ್ಣುಜ್ಜಿಕೊಂಡು ಎದ್ದು ಬಂದು, "ಕರೆಂಟ್ ಬಂತಾ?" ಅಂದು, ಎಲ್ಲರಿಗೂ ಕಾಫಿಗೆ ನೀರಿಟ್ರು.