ನೆಲ ಮರೆಯುವುದಿಲ್ಲ

ಕಣ್ಣಿಗೆ ಕಾಣದ್ದು ಕಳೆದುಹೋಯಿತೆಂದು ನಾವು ನಂಬುತ್ತೇವೆ. ಈ ನಂಬಿಕೆ ಎಷ್ಟು ಹುಸಿಯೆಂಬುದನ್ನು ನಾನು ಮನಗಂಡದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ತೀರದ ಕಥೆಯನ್ನು ಓದಿದಾಗ.

ಅಲ್ಲಿನ ವಾಕ್ವಾಯ್ಟ್ ಅಳಿವೆಯ ನೀರು ಕೆಡಲು ಮುಖ್ಯ ಕಾರಣ ಮನೆಮನೆಯ ಸೆಪ್ಟಿಕ್ ಟ್ಯಾಂಕ್. ಅದರಿಂದ ಹೊರಬಿದ್ದ ನೀರು ಮರಳುನೆಲದಲ್ಲಿ ಇಂಗುತ್ತದೆ. ರೋಗಾಣುಗಳನ್ನು ಬಹುಮಟ್ಟಿಗೆ ತಡೆಯುವ ಮರಳು ಸಾರಜನಕದಿಂದಾದ ನೈಟ್ರೇಟನ್ನು ತಡೆಯಲಾರದು. ಅಂತರ್ಜಲದೊಡನೆ ಅದು ದಿನಕ್ಕೆ ಸುಮಾರು 1 ಅಡಿಯಂತೆ ಸಾಗಿ, ವರ್ಷಗಳ, ಕೆಲವೊಮ್ಮೆ ದಶಕಗಳ ಬಳಿಕ ಅಳಿವೆಯಲ್ಲಿ ಒಸರುತ್ತದೆ. ಅದನ್ನುಂಡು ಕೊಬ್ಬಿದ ಪಾಚಿ ಬೆಳಕನ್ನು ಮರೆಮಾಡುತ್ತದೆ. ಮೀನುಮರಿಗಳಿಗೂ ಚಿಪ್ಪುಜೀವಿಗಳಿಗೂ ಆಸರೆಯಾದ ಕಡಲಹುಲ್ಲು ನಶಿಸುತ್ತದೆ. ಅಜ್ಜನ ಕಾಲದ ಕೊಳೆ ಮೊಮ್ಮಗನ ಬಲೆಯನ್ನು ಬರಿದಾಗಿಸುತ್ತದೆ.

2023ರಲ್ಲಿ ಆ ರಾಜ್ಯವು ಕಠಿಣ ನಿಯಮ ತಂದಿತು: ಊರಿನ ಆಡಳಿತ ಸಾರಜನಕ ತಗ್ಗಿಸುವ ಯೋಜನೆ ರೂಪಿಸಬೇಕು, ಇಲ್ಲವೇ ಮನೆಯವರು ಟ್ಯಾಂಕನ್ನು ಸುಧಾರಿಸಬೇಕು. ಆದರೆ ನೆಲದೊಳಗೆ ಈಗಾಗಲೇ ಹೊರಟ ನೀರು ಬಂದೇ ತೀರುತ್ತದೆ. ಇಂದು ಹಣ ತೆರುವ ಹಿರಿಯರಲ್ಲಿ ಹಲವರು ಅದರ ಫಲವನ್ನು ಕಾಣಲಿಕ್ಕಿಲ್ಲ.

ಪ್ರಿಯ ಓದುಗರೇ, ನಮ್ಮ ಕರಾವಳಿಯ ಹಿತ್ತಿಲುಗಳಲ್ಲೂ ಬಾವಿ ಮತ್ತು ಶೌಚಗುಂಡಿ ಒಂದೇ ನೆಲವನ್ನು ಹಂಚಿಕೊಂಡಿವೆ. ಗುಂಡಿಯನ್ನು ಎಲ್ಲಿ, ಹೇಗೆ ಕಟ್ಟಬೇಕೆಂದು ಮೇಸ್ತ್ರಿಯೊಡನೆ ಚರ್ಚಿಸುವಾಗ, ಇನ್ನೂ ಹುಟ್ಟದ ನೆರೆಯವನನ್ನೂ ನೆನೆಯೋಣ.