ಕಟ್ಟುವ ಮೊದಲು ಕೆಡವಬೇಕು

2006ರ ಮಾರ್ಚ್, ಸೋಮವಾರ. ನ್ಯೂ ಆರ್ಲಿಯನ್ಸ್‌ನ ಜೆಂಟಿಲಿ ಬಡಾವಣೆ. ಹೂಸ್ಟನ್‌ನಿಂದ ವ್ಯಾನಿನಲ್ಲಿ ಬಂದ ಮೆಥಡಿಸ್ಟ್ ಚರ್ಚಿನ ತಂಡ ಒಂದು ಮನೆಯ ಮುಂದೆ ನಿಂತಿದೆ. ಸಹೋದ್ಯೋಗಿ ಕರೆದನೆಂದು ನಾನೂ ಹೊರಟು ಬಂದಿದ್ದೇನೆ. ನಿನ್ನ ದೇವರು ಯಾರೆಂದು ಯಾರೂ ಕೇಳಿಲ್ಲ, ಬೂಟಿನ ಅಳತೆ ಮಾತ್ರ ಕೇಳಿದ್ದಾರೆ. ಬಾಗಿಲ ಪಕ್ಕ ಸ್ಪ್ರೇ ಬಣ್ಣದಲ್ಲಿ ದೊಡ್ಡ ಇಂಟು ಗುರುತು. ಮೇಲೆ ತಾರೀಖು, ಎಡಕ್ಕೆ ಹುಡುಕಲು ಬಂದಿದ್ದ ತಂಡದ ಗುರುತು, ಬಲಕ್ಕೆ ಒಳಗಿರುವ ಅಪಾಯ, ಕೆಳಗೆ ಸಿಕ್ಕವರ ಸಂಖ್ಯೆ. ಇಲ್ಲಿ ಸೊನ್ನೆ. ಎಲ್ಲರ ಕಣ್ಣೂ ಮೊದಲು ಅಲ್ಲಿಗೇ ಹೋಗುತ್ತದೆ.

ಕತ್ರೀನಾ ಚಂಡಮಾರುತ ಅಪ್ಪಳಿಸಿದ್ದು 2005ರ ಆಗಸ್ಟ್ 29ರಂದು. ಈ ಮನೆಯನ್ನು ಕೆಡಿಸಿದ್ದು ಮಾತ್ರ ಗಾಳಿಯಲ್ಲ, ನೀರು. ಹತ್ತಿರದ ಲಂಡನ್ ಅವೆನ್ಯೂ ಕಾಲುವೆಯ ನೀರು ತಡೆಗೋಡೆ ಹತ್ತಿ ಬರಲಿಲ್ಲ. ಬುಡದ ಮರಳಿನೊಳಗೆ ನುಗ್ಗಿ ಗೋಡೆಯನ್ನೇ ಕೆಡವಿತು. ನಗರದ ಶೇ. 80ರಷ್ಟು ಭಾಗ ಮುಳುಗಿ, ನೀರು ವಾರಗಟ್ಟಲೆ ಇಳಿಯಲಿಲ್ಲ. ಒಳಗಿನ ಗೋಡೆಯ ಮೇಲೆ ಎದೆಮಟ್ಟಕ್ಕಿಂತ ಎತ್ತರದಲ್ಲಿ ಕಂದು ಗೆರೆ, ಅದರ ಮೇಲೆ ಸೂರಿನವರೆಗೂ ಕಪ್ಪು ಬೂಷ್ಟು.

ಬಿಳಿ ಮೇಲಂಗಿ, ರಬ್ಬರ್ ಬೂಟು, ಮೂಗಿಗೆ ಮಾಸ್ಕ್. ತಂಡದ ಮುಂದಾಳು ನಿವೃತ್ತ ಬಡಗಿ. ಪ್ರಾರ್ಥನೆ ಮುಗಿಸಿ ಹೇಳುತ್ತಾರೆ: "ಫ್ರಿಜ್ ಬಾಗಿಲು ತೆಗೀಬೇಡಿ. ಮೊಳೆ ನೋಡಿ ಕಾಲಿಡಿ. ಮನೆಯಾಕೆ ನಿಲ್ಲಿಸಿ ಅಂದ್ರೆ ನಿಲ್ಲಿಸಿ." ಫ್ರಿಜ್ಜಿನೊಳಗೆ ಆಗಸ್ಟ್ ತಿಂಗಳ ಮಾಂಸವಿದೆ. ಸುತ್ತ ಅಗಲ ಟೇಪು ಬಿಗಿದು, ಇಬ್ಬರು ಉಸಿರು ಹಿಡಿದು ರಸ್ತೆ ಬದಿಗೆ ತಳ್ಳುತ್ತಾರೆ.

ಮಂಚ, ಸೋಫಾ, ಹಾಸಿಗೆ ಹೊರಗೆ ಹೋದ ಮೇಲೆ ಗೋಡೆಯ ಸರದಿ. ನಮ್ಮ ಊರಿನ ಹಾಗೆ ಇಟ್ಟಿಗೆ ಗೋಡೆಯಾಗಿದ್ದರೆ ತೊಳೆದು ಸುಣ್ಣ ಬಳಿಯಬಹುದಿತ್ತು. ಇಲ್ಲಿ ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆ. ಹಾರೆ ತಾಗಿಸಿದರೆ ನೆನೆದ ಹಪ್ಪಳದಂತೆ ಕೈಗೇ ಬರುತ್ತದೆ. ಅದರ ಹಿಂದಿನ ಉಣ್ಣೆಯಂಥ ಪದರ ಇನ್ನೂ ಒದ್ದೆ. ಕನ್ನಡಕದ ಗಾಜು ಮಂಜಾಗುತ್ತದೆ, ಒರೆಸಿಕೊಳ್ಳಲು ಶುದ್ಧವಾದ ಕೈಯಿಲ್ಲ.

ಮಲಗುವ ಕೋಣೆಯ ಕಪಾಟಿನಿಂದ ದುಂಡನೆಯ ಡಬ್ಬಿಗಳು ಬರುತ್ತವೆ. "ನಿಲ್ಲಿಸು ಬೇಬಿ," ಅನ್ನುತ್ತಾರೆ ಅಂಗಳದ ಕುರ್ಚಿಯಲ್ಲಿ ಕೂತ ಮನೆಯಾಕೆ. ಎಪ್ಪತ್ತು ದಾಟಿದವರು, ಈ ಊರಿನ ಅಜ್ಜಿಯರು ಗುರುತಿಲ್ಲದವರನ್ನೂ ಕರೆಯುವುದೇ ಹಾಗೆ. ಒಂದೊಂದೇ ಮುಚ್ಚಳ ತೆಗೆಸಿ ನೋಡುತ್ತಾರೆ. ಭಾನುವಾರ ಚರ್ಚಿಗೆ ಹಾಕುವ ಟೋಪಿಗಳು: ನೇರಳೆ, ಹಳದಿ, ಬಲೆ ಹೊದಿಸಿದ್ದು, ಗರಿ ಸಿಕ್ಕಿಸಿದ್ದು. ಎಲ್ಲದರ ಮೇಲೂ ಹಸಿರು ಬೂಷ್ಟು. ಪ್ರತಿಯೊಂದಕ್ಕೂ ತಲೆಯಾಡಿಸಿ, ಬಿಸಾಡಲು ಒಪ್ಪಿಗೆ ಕೊಡುತ್ತಾರೆ. ಕೊನೆಗೆ ಕೇಳುವುದು ಬೀಡು ಕಬ್ಬಿಣದ ಪಾತ್ರೆಯೊಂದನ್ನು. ಅಡುಗೆಮನೆಯ ಕೆಸರಿನಲ್ಲಿ ಅದು ಸಿಗುತ್ತದೆ, ತುಕ್ಕು ಹಿಡಿದಿದ್ದರೂ ಗಟ್ಟಿಯಾಗಿಯೇ ಇದೆ.

ಮಧ್ಯಾಹ್ನ ಚರ್ಚಿನ ಸಭಾಂಗಣದಿಂದ ಅನ್ನ, ಕೆಂಪು ಬೀನ್ಸ್ ಬರುತ್ತದೆ. ಸೋಮವಾರ ಈ ಊರಲ್ಲಿ ಅದೇ ಅಡುಗೆ. ಉಂಡು ಮತ್ತೆ ಒಳಗೆ. ಇನ್ನು ಉಳಿದಿರುವುದು ಮೊಳೆ. ಪ್ರತಿ ಕಂಬದಿಂದ ಒಂದೊಂದೇ ಕಿತ್ತು, ತಂತಿ ಬ್ರಷ್ಷಿನಿಂದ ಮರ ಉಜ್ಜಿ, ಬೂಷ್ಟಿನ ಔಷಧಿ ಸಿಂಪಡಿಸಬೇಕು. ಸಂಜೆಗೆ ಮನೆಯ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತದೆ. ಬಡಗಿ ಮೀಟರಿನ ಮುಳ್ಳು ಚುಚ್ಚಿ ಮರದ ತೇವ ನೋಡುತ್ತಾರೆ, ಇನ್ನೂ ಒಣಗಿಲ್ಲವೆಂದು ಕೈಯಾಡಿಸುತ್ತಾರೆ. ಪೂರ್ತಿ ಒಣಗದೆ ಹೊಸ ಹಲಗೆ ಬಡಿದರೆ ಬೂಷ್ಟು ಒಳಗಿಂದಲೇ ಮತ್ತೆ ಹಬ್ಬುತ್ತದೆ.

ಆದ್ದರಿಂದ ಈ ಮನೆಗೆ ಗೋಡೆ ನಿಲ್ಲಿಸುವವರು ನಾವಲ್ಲ. ವೈರಿಂಗ್ ಮಾಡುವವರು ಬೇರೆ, ಹಲಗೆ ಬಡಿಯುವವರು ಇನ್ನೊಂದು ಊರಿನ ಇನ್ನೊಂದು ಚರ್ಚಿನವರು. ಹೀಗೆ ಒಂದು ತಂಡ ಬಿಟ್ಟಲ್ಲಿಂದ ಮತ್ತೊಂದು ತಂಡ ಹಿಡಿದು, ವರ್ಷಗಟ್ಟಲೆ ಬರುತ್ತಲೇ ಇದ್ದುದರಿಂದ ಎಷ್ಟೋ ಮನೆಗಳು ಎದ್ದವು. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ನಮ್ಮಲ್ಲೂ ಅಕ್ಕಿ, ಕಂಬಳಿ ಲಾರಿಗಟ್ಟಲೆ ಹೋದವು. ಅದು ಬೇಕಾದದ್ದೇ. ಆದರೆ ಮೊದಲ ವಾರ ಹೋಗಲಾಗಲಿಲ್ಲ ಎಂದು ಪೇಚಾಡುವವರಿಗೆ ಒಂದು ಮಾತು: ಏಳನೇ ತಿಂಗಳಲ್ಲಿ ಹೋಗಿ. ಆಗ ಕೆಲಸ ಹೆಚ್ಚು, ಕೈ ಕಡಿಮೆ.